ಆತಕೂರಿನ ಕಲ್ಲು, ಆತಗೂರಿನ ನೆಲ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಗೂರಿಗೆ ಪುರಸಭೆಯಾಗಲಿ ಪಟ್ಟಣದ ಸ್ಥಾನಮಾನವಾಗಲಿ ಇಲ್ಲದಿದ್ದರೂ, ಹಲವು ಗ್ರಾಮಗಳನ್ನು ಒಂದುಗೂಡಿಸಿ ಕಂದಾಯ ಇಲಾಖೆ ರಚಿಸಿರುವ ಹೋಬಳಿಯೊಂದು ಈ ಊರಿನ ಹೆಸರನ್ನೇ ಹೊತ್ತಿದೆ. ಈ ಹಿರಿತನ ಇತ್ತೀಚಿನದಲ್ಲ, ಕ್ರಿ.ಶ. 949-50ರ ಶಾಸನವೊಂದು ಇದನ್ನು 'ಆತಕೂರು ಹನ್ನೆರಡು', ಅಂದರೆ ಹನ್ನೆರಡು ಹಳ್ಳಿಗಳ ಆಡಳಿತ ಘಟಕದ ತಲೆಯೂರು ಎಂದು ಗುರುತಿಸುತ್ತದೆ.

ತುಮಕೂರು ಜಿಲ್ಲೆಯ ದೇವರಾಯನದುರ್ಗದ ಕಡೆ ಹುಟ್ಟಿ ಮದ್ದೂರು, ಮಳವಳ್ಳಿ ತಾಲ್ಲೂಕುಗಳನ್ನು ಹಾದು ಕಾವೇರಿಯನ್ನು ಸೇರುವ ಶಿಂಷಾ ನದಿಯ ಸೀಮೆಯಿದು. ನಾಲೆಗಳ ನೀರು ಬರುವುದಕ್ಕೆ ಬಹುಕಾಲ ಮುಂಚೆ, ಕಲ್ಲುನೆಲದ ದಿಣ್ಣೆಗಳಿಂದ ಇಳಿದ ಮಳೆನೀರನ್ನು ಏರಿ ಕಟ್ಟಿ ನಿಲ್ಲಿಸಿ, ಅದರ ಕೆಳಗಿನ ತಗ್ಗಿನಲ್ಲಿ ಗದ್ದೆ ಮಾಡುವುದು ಇಲ್ಲಿನ ಬೇಸಾಯದ ಕ್ರಮವಾಗಿತ್ತು. ಆತಕೂರಿನ ಶಾಸನ ಈ ನೆಲಸ್ವರೂಪಕ್ಕೂ ಸಾಕ್ಷಿಯಾಗಿದೆ.

ಆ ಶಾಸನ ಹೇಳುವ ಕಥೆ ಹೀಗಿದೆ: ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ಇಂದಿನ ತಮಿಳುನಾಡಿನ ತಕ್ಕೋಲದಲ್ಲಿ ಯುದ್ಧ ನಡೆದಾಗ, ಕೃಷ್ಣನ ಪರವಾಗಿ ಹೋರಾಡಿದ ಗಂಗ ಅರಸ ಇಮ್ಮಡಿ ಬೂತುಗನು ರಾಜಾದಿತ್ಯನನ್ನು ಕೊಂದನು. ಬೂತುಗನ ಕಡೆಯ ವೀರ ಮಣಲೆರನ ಶೌರ್ಯಕ್ಕೆ ಮೆಚ್ಚಿದ ಅರಸನು ಬೇಕಾದುದನ್ನು ಕೇಳೆಂದಾಗ, ಅವನು ಹೊನ್ನನ್ನಾಗಲಿ ನಾಡನ್ನಾಗಲಿ ಬೇಡದೆ 'ಕಾಳಿ' ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಮುಂದೆ ಕೆಳಲೆನಾಡಿನ ಬೆಳತೂರಿನ ಪಡುವಣ ಮೊರಡಿಯಲ್ಲಿ, ಅಂದರೆ ಕಲ್ಲುಗುಡ್ಡದಲ್ಲಿ, ದೊಡ್ಡ ಹಂದಿಯೊಂದರ ಮೇಲೆ ಬಿಟ್ಟ ಕಾಳಿಯು ಅದನ್ನು ಕೊಂದು ತಾನೂ ಸತ್ತಿತು.

ಹೋರಾಡಿ ಮಡಿದವರ ನೆನಪಿಗೆ ನಿಲ್ಲಿಸುವ ವೀರಗಲ್ಲಿನ ಗೌರವ ಹೀಗೆ ಒಂದು ನಾಯಿಗೂ ದೊರೆಯಿತು. ನಾಯಿಯೂ ಹಂದಿಯೂ ಸೆಣಸುವ ಚಿತ್ರವಿರುವ ಕಲ್ಲನ್ನು ಆತಕೂರಿನ ಚೆಲ್ಲೇಶ್ವರ ದೇಗುಲದ ಮುಂದೆ ನಿಲ್ಲಿಸಿ, ಅದರ ಪೂಜೆಗಾಗಿ ಊರಿನ ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಮಣ್ಣನ್ನು ದತ್ತಿ ಬಿಡಲಾಯಿತು. ಖಂಡುಗವೆಂಬುದು ಧಾನ್ಯದ ಅಳತೆಯಾಗಿದ್ದು, ಅಷ್ಟು ಬೀಜ ಹಿಡಿಯುವ ನೆಲಕ್ಕೂ ಅದೇ ಹೆಸರು ಸಲ್ಲುತ್ತದೆ. ಪೂಜೆ ಮಾಡದೆ ಉಣ್ಣುವ ಗೊರವನಿಗೆ, ಎಂದರೆ ಶೈವ ಅರ್ಚಕನಿಗೆ, ಆ ನಾಯಿಯ ಪಾಪ ತಟ್ಟುವುದೆಂಬ ಎಚ್ಚರಿಕೆಯೂ ಶಾಸನದಲ್ಲಿದೆ. ಬೂತುಗನು ಮಣಲೆರನಿಗೆ ಆತಕೂರು ಹನ್ನೆರಡನ್ನೂ ಬೆಳ್ವೊಲದ ಕಾಡಿಯೂರನ್ನೂ 'ಬಾಳ್ಗಚ್ಚು' ಆಗಿ ಕೊಟ್ಟನು. ಬಾಳ್ ಎಂದರೆ ಕತ್ತಿ, ಅದನ್ನು ತೊಳೆದು ವೀರನಿಗೆ ಕೊಡುತ್ತಿದ್ದ ಭೂದಾನವೇ ಬಾಳ್ಗಚ್ಚು.

ಜೆ. ಎಫ್. ಫ್ಲೀಟ್ ಮೊದಲಾದ ವಿದ್ವಾಂಸರು ಓದಿ ಪ್ರಕಟಿಸಿದ ಈ ಶಾಸನ ತಕ್ಕೋಲದ ಯುದ್ಧಕ್ಕೆ ಮುಖ್ಯ ಆಧಾರವಾಗಿದ್ದು, ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅಲ್ಲಿ ಅದನ್ನು ನೋಡುವವರು ಸಾಮಾನ್ಯವಾಗಿ ಅರಸರ ಕಾಳಗವನ್ನೂ ನಾಯಿಯ ಕಥೆಯನ್ನೂ ನೆನೆಯುತ್ತಾರೆ. ಆದರೆ ಅದೇ ಬರಹದಲ್ಲಿ ಗುಡ್ಡ ಯಾವ ದಿಕ್ಕಿಗಿತ್ತು, ಗದ್ದೆ ಯಾವ ಕೆರೆಯ ಕೆಳಗಿತ್ತು, ಅದರ ಅಳತೆಯೆಷ್ಟು ಎಂಬುದೂ ದಾಖಲಾಗಿರುವುದರಿಂದ, ಸಾಮ್ರಾಜ್ಯದ ಚರಿತ್ರೆ ಎಷ್ಟಿದೆಯೋ ಅಷ್ಟೇ ಒಂದು ಹಳ್ಳಿಯ ಪಹಣಿಯೂ ಆ ಕಲ್ಲಿನಲ್ಲಿದೆ. ಆತಗೂರಿನ ಮಕ್ಕಳಿಗೆ ಅದರ ನಕಲನ್ನು ಓದಿಸಿ, ಕೆರೆಯೇರಿಯ ಮೇಲೆ ನಿಲ್ಲಿಸಿ ವಿವರಿಸಿದರೆ, ಸಾವಿರ ವರ್ಷಗಳ ಹಿಂದಿನ ಕನ್ನಡ ಅವರ ಊರಿನ ನೆಲವನ್ನೇ ಹೇಳುತ್ತಿರುವುದು ತಿಳಿದೀತು.