ನಿಮಗಿದು ಗೊತ್ತೆ? ಸುಸ್ಥಿರ ಅಭಿವೃದ್ಧಿಯ ಬೇರು ಬೆಳ್ಳಿ ಗಣಿಯಲ್ಲಿದೆ!

ಸುಸ್ಥಿರ ಅಭಿವೃದ್ಧಿಯ ಕಲ್ಪನೆಗೆ 300 ವರ್ಷಗಳಿಗೂ ಮೀರಿದ ಇತಿಹಾಸವಿದೆ. ಅದು ಮೊಳೆತದ್ದು ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದ ಫ್ರೈಬರ್ಗ್ ಪಟ್ಟಣದಲ್ಲಿ.

* ಫ್ರೈಬರ್ಗ್ ಬೆಳ್ಳಿ ಗಣಿಗಳಿಗೆ ಹೆಸರಾಗಿತ್ತು. ಸುರಂಗ ಕುಸಿಯದಂತೆ ಊರೆ ಕೊಡಲು ಮರದ ದಿಮ್ಮಿ ಬೇಕು. ಬಂಡೆ ಬಿರಿಯುವಂತೆ ಬೆಂಕಿ ಹಾಕಲು ಸೌದೆ ಬೇಕು. ಅದಿರು ಕರಗಿಸುವ ಕುಲುಮೆಗೆ ಇದ್ದಿಲು ಬೇಕು. ಹೀಗಾಗಿ ಸುತ್ತಲಿನ ಕಾಡು ಬರಿದಾಯಿತು. ದೂರದ ಮರವನ್ನು ಹೊಳೆಯಲ್ಲಿ ತೇಲಿಸಿ ತರಬೇಕಾಯಿತು.

* ಅಲ್ಲಿನ ಗಣಿ ಆಡಳಿತಾಧಿಕಾರಿ ಹಾನ್ಸ್ ಕಾರ್ಲ್ ಫಾನ್ ಕಾರ್ಲೋವಿಟ್ಸ್ 1713ರಲ್ಲಿ ಅರಣ್ಯ ಕೃಷಿಯ ಬಗ್ಗೆ ಗ್ರಂಥವೊಂದನ್ನು ಪ್ರಕಟಿಸಿದರು. ಕಾಡು ಮತ್ತೆ ಬೆಳೆದುಕೊಳ್ಳುವಷ್ಟನ್ನೇ ಕಡಿಯಬೇಕು ಎಂಬುದು ಅದರ ತಿರುಳು. ಬೀಜ ಬಿತ್ತಿ ಸಸಿ ಬೆಳೆಸುವುದು, ಕಡಿಮೆ ಸೌದೆ ಬೇಡುವ ಕುಲುಮೆ ಕಟ್ಟುವುದು ಅವರ ಸಲಹೆಗಳಲ್ಲಿ ಸೇರಿದ್ದವು. ಅವರು ಬಳಸಿದ 'ನಾಖ್‌ಹಾಲ್ಟೆಂಡ್' ಎಂಬ ಪದದ ಮೂಲದಿಂದಲೇ ಸುಸ್ಥಿರತೆಗೆ ಜರ್ಮನ್ ಭಾಷೆಯ ಇಂದಿನ ಪದ ಬಂದಿದೆ.

* ಕಾಡಿನ ಬಗೆಗಿನ ಈ ಚಿಂತನೆ ಮುಂದೆ ಇಡೀ ಪರಿಸರಕ್ಕೆ ವಿಸ್ತರಿಸಿತು. 1972ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಸಮ್ಮೇಳನ ಪರಿಸರವನ್ನು ಜಗತ್ತಿನ ಚರ್ಚೆಯ ಕೇಂದ್ರಕ್ಕೆ ತಂದಿತು.

* 1987ರಲ್ಲಿ ನಾರ್ವೆಯ ಗ್ರೋ ಹಾರ್ಲೆಮ್ ಬ್ರುಂಟ್‌ಲಾಂಡ್ ನೇತೃತ್ವದ ಆಯೋಗ ಇಂದಿಗೂ ಬಳಕೆಯಲ್ಲಿರುವ ವ್ಯಾಖ್ಯೆ ನೀಡಿತು: ಮುಂದಿನ ಪೀಳಿಗೆಯ ಅಗತ್ಯಗಳಿಗೆ ಕುತ್ತು ತಾರದೆ ಇಂದಿನ ಅಗತ್ಯಗಳನ್ನು ಪೂರೈಸುವುದೇ ಸುಸ್ಥಿರ ಅಭಿವೃದ್ಧಿ.

* 1992ರ ರಿಯೋ ಶೃಂಗಸಭೆ ಈ ತತ್ತ್ವವನ್ನು ಅಂಗೀಕರಿಸಿತು. 2015ರಲ್ಲಿ ವಿಶ್ವಸಂಸ್ಥೆ 2030ರೊಳಗೆ ತಲುಪಬೇಕಾದ 17 ಗುರಿಗಳನ್ನು ನಿಗದಿಪಡಿಸಿತು.