ಹೈಸ್ಕೂಲ್ ಮಕ್ಕಳ ಸಿಟ್ಟು, ಚಟ, ಮೌನ: ತಾಯಂದಿರು ತಿಳಿಯಬೇಕಾದದ್ದು



ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಸಂಘದ ಸಭೆಗಳಲ್ಲಿ ಉಳಿತಾಯ-ಸಾಲದ ಲೆಕ್ಕ ಮುಗಿದ ಮೇಲೆ ಬರುವ ಮಾತು ಹೆಚ್ಚಾಗಿ ಮಕ್ಕಳದ್ದೇ. ಎಂಟನೇ ಕ್ಲಾಸಿಗೆ ಹೋದ ಮೇಲೆ ಮಗ ಮಾತು ಕೇಳೋದಿಲ್ಲ, ಮಗಳು ಸಾಲಿಗೆ ಹೋಗೋದಿಲ್ಲ ಅಂತಾಳೆ, ಯಾಕೆ ಅಂದ್ರೆ ಬಾಯಿ ಬಿಡೋದಿಲ್ಲ. ಇದು ಒಂದು ಮನೆಯ ಕಥೆ ಅಲ್ಲ. ಆದ್ದರಿಂದ ಈ ಸಲ ಇದರ ಬಗ್ಗೆ ತಿಳಿದುಕೊಳ್ಳೋಣ.

ಈ ವಯಸ್ಸಿನಲ್ಲಿ ಏನಾಗುತ್ತದೆ?

13ರಿಂದ 17ರ ವಯಸ್ಸಿನಲ್ಲಿ ಮೈ ಬೇಗ ಬೆಳೆಯುತ್ತದೆ. ಸಿಟ್ಟು, ಆಸೆ, ನಾಚಿಕೆ ಎಲ್ಲವೂ ಜೋರಾಗಿರುತ್ತವೆ. ಆದರೆ ಮುಂದೇನಾದೀತು ಎಂದು ಯೋಚಿಸಿ ತಡೆಯುವ ಮೆದುಳಿನ ಭಾಗ ಪೂರ್ತಿ ಬಲಿಯಲು ಸುಮಾರು 25 ವರ್ಷ ಬೇಕು. ಹೋರಿಗೆ ಕಸುವು ಬಂದಿದೆ, ಮೂಗುದಾರ ಇನ್ನೂ ಬಿದ್ದಿಲ್ಲ ಅಂದ ಹಾಗೆ. ಅದರಲ್ಲೂ ಗೆಳೆಯರು ನೋಡುತ್ತಿದ್ದರೆ ಸೋಲಬಾರದು ಎನ್ನುವ ಹಟ ಹೆಚ್ಚು.

2025ರ ಮೇ ತಿಂಗಳಲ್ಲಿ ನಮ್ಮ ಪಕ್ಕದ ಹುಬ್ಬಳ್ಳಿಯಲ್ಲಿ ಆಟದ ಜಗಳ ಬೆಳೆದು ಒಬ್ಬ ಬಾಲಕ ತನ್ನ ಜೊತೆಗಾರನನ್ನೇ ಚಾಕುವಿನಿಂದ ಇರಿದು ಕೊಂದ. ಒಂದು ಮನೆ ಮಗನನ್ನು ಕಳೆದುಕೊಂಡಿತು, ಇನ್ನೊಂದು ಮನೆಯ ಮಗ ಪೊಲೀಸರ ಮುಂದೆ ನಿಂತ. ಇಬ್ಬರು ತಾಯಂದಿರೂ ಅತ್ತರು. ಇಷ್ಟು ದೂರ ಹೋಗುವ ಜಗಳ ವಿರಳ, ನಿಜ. ಆದರೆ ಅದಕ್ಕೆ ಮೊದಲಿನ ಮೆಟ್ಟಿಲುಗಳು ಎಲ್ಲ ಊರಲ್ಲೂ ಇವೆ. ಬಣ್ಣ, ಜಾತಿ, ಬಡತನ, ಅಂಗವಿಕಲತೆ ಹಿಡಿದು ಅಡ್ಡಹೆಸರು ಇಡುವುದು, ಗುಂಪು ಕಟ್ಟಿ ಒಬ್ಬನನ್ನು ಹೀಯಾಳಿಸುವುದು, ಅದನ್ನು ಮೊಬೈಲಿನಲ್ಲಿ ಹಿಡಿದು ಹಂಚುವುದು. ಅವಮಾನ ನುಂಗಿದ ಮಗುವೇ ಮುಂದೊಂದು ದಿನ ಕೈ ಎತ್ತಬಹುದು, ಇಲ್ಲವೇ ತನಗೆ ತಾನೇ ಹಾನಿ ಮಾಡಿಕೊಳ್ಳಬಹುದು.

ಬೇರು ಎಲ್ಲಿದೆ?

ಬೇರು ಹೆಚ್ಚಾಗಿ ಮನೆಯಲ್ಲೇ ಇರುತ್ತದೆ. ಕುಡಿದು ಬಂದ ಅಪ್ಪ ಅವ್ವನಿಗೆ ಹೊಡೆಯುವುದನ್ನು ನೋಡಿ ಬೆಳೆದ ಮಗ, ಹೊಡೆಯುವುದೇ ಗಂಡಸುತನ ಎಂದು ಕಲಿಯುತ್ತಾನೆ. ಮಗಳು, ತಾಳಿಕೊಳ್ಳುವುದೇ ಹೆಣ್ಣಿನ ಪಾಡು ಎಂದು ಕಲಿಯುತ್ತಾಳೆ. ದುಡಿಯಲು ಗೋವಾ, ಮಂಗಳೂರು ಕಡೆಗೆ ಹೋದ ತಂದೆ-ತಾಯಿಯ ಮಕ್ಕಳನ್ನು ಕೇಳುವವರು ಕಡಿಮೆ.

ಚಟವೂ ಹಾಗೆಯೇ. 13ರಿಂದ 15 ವರ್ಷದ ಶಾಲಾ ಮಕ್ಕಳ ಬಗ್ಗೆ 2019ರಲ್ಲಿ ನಡೆದ ರಾಷ್ಟ್ರಮಟ್ಟದ ತಂಬಾಕು ಸಮೀಕ್ಷೆಯಲ್ಲಿ, ಜಗಿಯುವ ತಂಬಾಕು ಬಳಸಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ 10 ವರ್ಷ ತುಂಬುವ ಮೊದಲೇ ಅದರ ರುಚಿ ನೋಡಿದ್ದರು. 10 ವರ್ಷದ ಮಗುವಿಗೆ ಅದು ಎಲ್ಲಿಂದ ಸಿಗುತ್ತದೆ? “ಓಡಿ ಹೋಗಿ ಒಂದು ಚೀಟು ತಂಬಾಕು ತಗೊಂಡು ಬಾ” ಎಂದು ನಾವು ದೊಡ್ಡವರೇ ಅಲ್ಲವೇ ಕಳಿಸುವುದು?

ಮಗಳು ಯಾಕೆ ಹೇಳುವುದಿಲ್ಲ?

ಅನೇಕ ಹಳ್ಳಿಗಳ ಹುಡುಗಿಯರು ಹೈಸ್ಕೂಲಿಗೆ ಬಸ್ಸಿನಲ್ಲಿ ಪಕ್ಕದ ಊರಿಗೆ ಹೋಗುತ್ತಾರೆ. ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಚುಡಾಯಿಸುತ್ತಾರೆ, ಹಿಂದೆ ಬರುತ್ತಾರೆ. ಮನೆಯಲ್ಲಿ ಹೇಳಿದರೆ ಏನಾಗುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತು. ಮೊದಲು ಸಾಲಿ ಬಿಡಿಸುತ್ತಾರೆ, ಆಮೇಲೆ ಗಂಡು ಹುಡುಕುತ್ತಾರೆ. ತಪ್ಪು ಮಾಡಿದವನು ಅಲ್ಲೇ ನಿಂತಿರುತ್ತಾನೆ, ಶಿಕ್ಷೆ ಇವಳಿಗೆ. ಅದಕ್ಕೇ ಅವಳು ಸುಮ್ಮನಿರುತ್ತಾಳೆ. “ನೀ ಏನೇ ಹೇಳು, ನಿನ್ನ ಸಾಲಿ ಬಿಡಿಸಂಗಿಲ್ಲ” ಎಂಬ ಮಾತು ಅವ್ವನಿಂದ ಮೊದಲೇ ಬಂದಿದ್ದರೆ ಮಗಳು ಬಾಯಿ ಬಿಡುತ್ತಾಳೆ.

ಕಾನೂನು ಏನು ಹೇಳುತ್ತದೆ?

* ಶಾಲೆಯ ಸುತ್ತ 100 ಗಜದೊಳಗೆ ತಂಬಾಕು ಮಾರುವಂತಿಲ್ಲ (2003ರ ಕಾಯ್ದೆ). ಕೊಳ್ಳುವವರ ಕನಿಷ್ಠ ವಯಸ್ಸು ಕರ್ನಾಟಕದಲ್ಲಿ 2025ರಿಂದ 21.
* 18ರೊಳಗಿನ ಮಗುವಿಗೆ ಸಾರಾಯಿ, ತಂಬಾಕು, ಅಮಲು ಪದಾರ್ಥ ಕೊಟ್ಟರೆ 7 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ (2015ರ ಬಾಲನ್ಯಾಯ ಕಾಯ್ದೆ).
* ಕೆಟ್ಟ ಉದ್ದೇಶದಿಂದ ಮಗುವಿನ ಬೆನ್ನು ಹತ್ತುವುದು, ಅಸಭ್ಯ ಮಾತು, ಸನ್ನೆ ಮಾಡುವುದು 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ. ಮಗುವಿನ ಹೆಸರು ಬಹಿರಂಗ ಮಾಡುವಂತಿಲ್ಲ.
* 18ರೊಳಗೆ ಹುಡುಗಿಯ ಮದುವೆ ಮಾಡಿದರೆ ಕರ್ನಾಟಕದಲ್ಲಿ ಆ ಮದುವೆಯೇ ಅಸಿಂಧು.
* 18 ತುಂಬದ ಮಗ ಬೈಕ್ ಓಡಿಸಿ ಸಿಕ್ಕಿಬಿದ್ದರೆ ಪಾಲಕರಿಗೆ, ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ (2019ರ ತಿದ್ದುಪಡಿ). ಸಂಘದ ಸಾಲದಿಂದ ನಿಮ್ಮ ಹೆಸರಿನಲ್ಲಿ ಕೊಂಡ ಗಾಡಿಯಾದರೆ, ಹೊಣೆ ನಿಮ್ಮ ಮೇಲೆ.

ಮನೆಯಲ್ಲಿ ಏನು ಗಮನಿಸಬೇಕು?

ಇದ್ದಕ್ಕಿದ್ದಂತೆ ಸಾಲಿ ಬೇಡ ಎನ್ನುವುದು, ಊಟ-ನಿದ್ದೆ ಕೆಡುವುದು, ಮೈಮೇಲೆ ಗಾಯ, ಮನೆಯಲ್ಲಿ ದುಡ್ಡು ಕಾಣೆಯಾಗುವುದು, ಒಬ್ಬಂಟಿಯಾಗಿ ಕೂಡುವುದು. ಇಂಥದ್ದು ಕಂಡರೆ ಬೈಯಬೇಡಿ, ಹೊಡೆಯಬೇಡಿ. ಹೊಡೆದರೆ ಮಗು ಸುಳ್ಳು ಹೇಳುವುದನ್ನು ಕಲಿಯುತ್ತದೆ, ಅಷ್ಟೇ. ರೊಟ್ಟಿ ಬಡಿಯುವಾಗ ಹತ್ತಿರ ಕೂಡಿಸಿಕೊಂಡು ಕೇಳಿ. ಸಾಯುತ್ತೇನೆ ಎಂಬ ಮಾತು ಬಂದರೆ ಅದನ್ನು ನಾಟಕ ಎನ್ನಬೇಡಿ. ಮಗುವನ್ನು ಒಂಟಿ ಬಿಡಬೇಡಿ, ಹೊಲಕ್ಕೆ ತಂದ ಕೀಟನಾಶಕ ಬೀಗದಲ್ಲಿಡಿ, ಕೂಡಲೇ ಸಹಾಯ ಪಡೆಯಿರಿ.

ಸಂಘ ಏನು ಮಾಡಬಹುದು?

ಒಬ್ಬ ತಾಯಿ ಅಂಗಡಿಯವನಿಗೆ ಹೇಳಿದರೆ ಅದು ಜಗಳ. ಹದಿನೈದು ಮಂದಿ ಹೋಗಿ ಹೇಳಿದರೆ ಅದು ಊರಿನ ಮಾತು. ಶಾಲೆಯ ಹತ್ತಿರದ ಅಂಗಡಿಗಳ ಬಗ್ಗೆ ಗ್ರಾಮ ಪಂಚಾಯತಿಗೆ ಅರ್ಜಿ ಕೊಡಿ. ಬಸ್ಸಿನ ಹೊತ್ತಿಗೆ ಇಬ್ಬಿಬ್ಬರು ಸದಸ್ಯೆಯರು ಪಾಳಿಯ ಮೇಲೆ ನಿಲ್ದಾಣದಲ್ಲಿ ನಿಲ್ಲಿ. ಶಾಲಾ ಮೇಲುಸ್ತುವಾರಿ ಸಮಿತಿ ಸಭೆಯಲ್ಲೂ ಮಕ್ಕಳ ಗ್ರಾಮಸಭೆಯಲ್ಲೂ ಈ ವಿಷಯ ಎತ್ತಿ. ಆದರೆ ಯಾವ ಮಗುವಿನ ಹೆಸರನ್ನೂ ಸಭೆಯಲ್ಲಿ ಆಡಬೇಡಿ.

ಮಕ್ಕಳ ಸಹಾಯವಾಣಿ 1098, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ಎರಡೂ ಉಚಿತ, ಹಗಲು-ರಾತ್ರಿ ಕೆಲಸ ಮಾಡುತ್ತವೆ. ಹದಿಹರೆಯದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹಾ ಕ್ಲಿನಿಕ್ ಇವೆ. ಈ ಎರಡು ನಂಬರನ್ನು ಇವತ್ತೇ ಸಂಘದ ಪಾಸ್‌ಬುಕ್ಕಿನ ಹಿಂದೆ ಬರೆದಿಡಿ, ಮಕ್ಕಳಿಗೂ ಬಾಯಿಪಾಠ ಮಾಡಿಸಿ.