ಅಲ್ಯುಮಿನಿಯಂ ಮಿಶ್ರಲೋಹದಲ್ಲಿ ಪರಮಾಣುಗುಚ್ಛಗಳ ನಿರ್ಣಯ

ತಾಮ್ರವನ್ನೂ ಸ್ವಲ್ಪ ಮೆಗ್ನೀಸಿಯಮನ್ನೂ ಕೂಡಿಸಿದ ಅಲ್ಯುಮಿನಿಯಂ ಲೋಹವು, ಕಾಸಿ ಥಟ್ಟನೆ ತಣಿಸಿದ ಬಳಿಕ ಕೆಲವು ದಿನಗಳಲ್ಲಿ ತಾನಾಗಿಯೇ ಗಟ್ಟಿಯಾಗುವುದನ್ನು ಜರ್ಮನಿಯ ಆಲ್ಫ್ರೆಡ್ ವಿಲ್ಮ್ ಎಂಬವರು ೧೯೦೬ರಲ್ಲಿ ಕಂಡರು. ವಿಮಾನನಿರ್ಮಾಣಕ್ಕೆ ಆಧಾರವಾದ ಈ ಗುಣದ ಕಾರಣವು ೧೯೩೮ರಲ್ಲಿ ಹೊರಬಿದ್ದಿತು. ಫ್ರಾನ್ಸಿನ ಗಿನಿಯೆ, ಇಂಗ್ಲೆಂಡಿನ ಪ್ರೆಸ್ಟನ್ ಇವರು ಬೇರೆಬೇರೆಯಾಗಿ ಕ್ಷ-ಕಿರಣಗಳಿಂದ ಪರೀಕ್ಷಿಸಿ, ತಾಮ್ರದ ಪರಮಾಣುಗಳು ಲೋಹದೊಳಗೆ ಅತಿಸೂಕ್ಷ್ಮವಾದ ಬಿಲ್ಲೆಗಳಂತೆ ಗುಂಪುಗೂಡುವುವೆಂದು ತಿಳಿಸಿದರು. ಅವುಗಳ ಅಗಲವು ಕೆಲವೇ ನ್ಯಾನೋಮೀಟರು. ಮೀಟರಿನ ನೂರು ಕೋಟಿಯಲ್ಲೊಂದು ಪಾಲೇ ನ್ಯಾನೋಮೀಟರು.

ಈಗ ಈ ಗುಚ್ಛಗಳನ್ನು ಎಣಿಸುವ ಯಂತ್ರವುಂಟು. ಸೂಜಿಯಂತೆ ಚೂಪುಮಾಡಿದ ಲೋಹಕ್ಕೆ ನಿರ್ವಾತದಲ್ಲಿ ಸಾವಿರಾರು ವೋಲ್ಟುಗಳ ವಿದ್ಯುತ್ತನ್ನು ಕೊಟ್ಟರೆ, ತುದಿಯ ಪರಮಾಣುಗಳು ಒಂದೊಂದಾಗಿ ಕಳಚಿ ಹಾರುವುವು. ಹಾರಿದ ಕಾಲದಿಂದ ಜಾತಿಯೂ, ತಗುಲಿದ ಎಡೆಯಿಂದಲೂ ಕಳಚಿದ ಕ್ರಮದಿಂದಲೂ ಮೂಲಸ್ಥಾನವೂ ಗೊತ್ತಾಗುವುವು. ಆದರೆ ಕೆಲವು ಪರಮಾಣುಗಳು ಯಂತ್ರಕ್ಕೆ ಸಿಕ್ಕದೆ ಹೋಗುವುವು.

ಇಲ್ಲೊಂದು ಸಂಶಯವೇಳುತ್ತದೆ. ತಾಮ್ರದ ಎರಡು ಮೂರು ಪರಮಾಣುಗಳು ನೆರೆಯಲ್ಲಿದ್ದ ಮಾತ್ರಕ್ಕೆ ಗುಚ್ಛವಾಯಿತೆ? ಕಾಕತಾಲೀಯವಾಗಿಯೂ ಹಾಗಿರಬಹುದಷ್ಟೆ. ಆದುದರಿಂದ ದೊರೆತ ಸ್ಥಾನಗಳನ್ನು ಹಾಗೆಯೇ ಉಳಿಸಿ, ಪರಮಾಣುಗಳ ಹೆಸರುಗಳನ್ನು ಮಾತ್ರ ಗಣಕಯಂತ್ರದಲ್ಲಿ ಕಲಸಿ ಮತ್ತೆ ಎಣಿಸುವರು. ಈ ಎಣಿಕೆಗಿಂತ ಮೊದಲಿನ ಎಣಿಕೆಯು ಸ್ಪಷ್ಟವಾಗಿ ಮಿಗಿಲಾದರೆ ಮಾತ್ರವೇ ಗುಚ್ಛವುಂಟೆನ್ನಲು ಪ್ರಮಾಣ. ಎಷ್ಟು ಅಂತರದೊಳಗೆ ಎಷ್ಟು ಪರಮಾಣುಗಳಿದ್ದರೆ ಗುಚ್ಛವೆಂಬ ಲಕ್ಷಣವನ್ನು ಹೇಳದೆ ಕೊಟ್ಟ ಲೆಕ್ಕವು ಗ್ರಾಹ್ಯವಲ್ಲ.